ತುರಿಮಣೆ, ಕುರ್ಚಿ ಮತ್ತು ಬೀನ್ಸ್ ಸೂಪು

“ಗುನುಗೋದಾ? ಅದರಲ್ಲಿ ಗುನುಗೋಕೆ ಏನಿತ್ತಪ್ಪಾ!” ಎಂದಳು ಎತೆಲ್ಕಾ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು.

“ಏನ್ಮಾಡ್ಲಿ ಅಮ್ಮಾ, ನಿನ್ನೆ ಮಧ್ಯಾಹ್ನ ಪೂರ್ತಿ ಹೊಸಬರ ಸಂಗೀತಾನೇ ಹಾಕಿದ್ವಿ. ಎಲ್ಲದರಲ್ಲೂ ಅದೇ ಎರಡು ವಯೊಲಿನ್, ಒಂದು ವಿಯೋಲಾ, ಒಂದು ಚೆಲ್ಲೊ. ನಿಮಗೆ ಬೇಕಾದ್ದು ಯಾವುದು ಅಂತ ಹೇಗೆ ಹೇಳ್ಲಿ?” ಎಂದ ಸೆಗೆಡ್ ಊರಿನ ರೇಡಿಯೋದ ಬೆರ್ತಲಾನ್.

ಎತೆಲ್ಕಾಗೆ ಆ ಸಂಗೀತದ ಹೆಸರು ಬೇಕೇ ಬೇಕಿತ್ತು. ಸೊಂಟ ಮುರಿದುಕೊಂಡು ಮಲಗಿದ್ದ ಗಂಡ ದೆಝೋ ಗೋಡೆಗೆ ಮುಖ ಮಾಡಿ, ಮಾತನ್ನೂ ಬಿಟ್ಟಿದ್ದ, ಊಟವನ್ನೂ ಬಿಟ್ಟಿದ್ದ. ಹೀಗೇ ಆದರೆ ಮೂಗಿಗೆ ನಳಿಕೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿಹೋಗಿದ್ದರು. ನಿನ್ನೆ ಊಟದ ಹೊತ್ತಿಗೆ ರೇಡಿಯೋದಲ್ಲಿ ಆ ಸಂಗೀತ ಶುರುವಾದದ್ದೇ ತಡ, ಆಯುಷ್ಯವೆಲ್ಲ ಒಪೆರಾದಲ್ಲಿ ವಿಯೋಲಾ ನುಡಿಸಿದ್ದ ಆ ಮನುಷ್ಯ ದಿಂಬಿಗೊರಗಿ ಕೂತು ಬಾಯಿಗೆ ಬಂದಂತೆ ಬೈಯತೊಡಗಿದ. ಬೈಗುಳದ ನಡುನಡುವೆ ಬೀನ್ಸ್ ಸೂಪನ್ನೂ ನುಂಗಿದ. ಅರ್ಧ ಬಟ್ಟಲು ಖಾಲಿಯಾಗುವಷ್ಟರಲ್ಲಿ, “ಆರಿಸೇ ಆ ಪೀಡೇನ!” ಎಂದು ಕೂಗಿದ. ಗಂಡನ ಮಾತು ಕೇಳಿ ರೂಢಿಯಾಗಿದ್ದ ಎತೆಲ್ಕಾ ಆರಿಸಿಬಿಟ್ಟಳು. ಚಮಚ ಅಲ್ಲಿಗೇ ನಿಂತಿತು. ಮುಖ ಮತ್ತೆ ಗೋಡೆಗೆ ತಿರುಗಿತು.

“ತಾಳಪ್ಪ” ಎಂದು ಅವಳು ಕ್ಯಾರೆಟ್ ತುರಿಯುವ ತುರಿಮಣೆ ತಂದು, ಅದರ ಮೇಲೆ ಚಮಚದಿಂದ ಪರಪರ ಗೀರಿದಳು. ಆಮೇಲೆ ಅಡುಗೆಮನೆಯ ಕುರ್ಚಿಯನ್ನು ನೆಲದ ಮೇಲೆ ಒಂದು ಸುತ್ತು ಎಳೆದಳು. ಗೋಡೆಯಾಚೆಯಿಂದ ದಬದಬ ಸದ್ದು ಬಂತು.

“ಕೊನೇಲಿ ಆ ಬಡಿತಾನೂ ಇತ್ತಾ ಅಮ್ಮಾ?”

“ಇಲ್ಲಪ್ಪ, ಅದು ಪಕ್ಕದ ಮನೆ ವಿಲ್ಮಾ.”

“ಹಾಗಿದ್ರೆ ಇನ್ನೊಂದ್ಸಲ ಕುರ್ಚಿ ಎಳೀರಿ.”

ಎಳೆದಳು. ಒಳಕೋಣೆಯಿಂದ ದೆಝೋ ಅಬ್ಬರಿಸಿದ: “ಮತ್ತೆ ಹಚ್ಚಿದ್ಯಾ ಅದನ್ನ! ಆ ಚೆಲ್ಲೊದವನ ಕೈ ಸೇದಿಹೋಗ!”

“ಯಾರಮ್ಮ ಅದು?”

“ನಮ್ಮನೆಯವ್ರು. ಇದನ್ನ ಬೈತಾ ಇದ್ರೆ ಮಾತ್ರ ಅವರಿಗೆ ಊಟ ಇಳಿಯೋದು.”

ಬೆರ್ತಲಾನ್ ಸಿ.ಡಿ.ಗಳ ರಾಶಿ ಕೆದಕಿದ ಸದ್ದು ಕೇಳಿಸಿತು. “ಗೊತ್ತಾಯ್ತು ಬಿಡಿ. ‘ಒಣಗಿದ ಬಾವಿ’ ಅಂತ ಅದರ ಹೆಸರು. ನಮ್ಮೂರಿನ ಹುಡುಗಿಯೊಬ್ಬಳು ಬರೆದದ್ದು. ಇಲ್ಲೀತನಕ ಅದು ಬೇಕು ಅಂತ ಫೋನ್ ಮಾಡಿದವರು ನೀವೊಬ್ಬರೇ. ವಿಳಾಸ ಹೇಳಿ, ಮನೆಗೆ ಹೋಗ್ತಾ ಸಿ.ಡಿ. ಕೊಟ್ಟು ಹೋಗ್ತೀನಿ.” ಆಮೇಲೆ ದನಿ ತಗ್ಗಿಸಿದ. “ಅವಳದ್ದೇ ಇನ್ನೊಂದಿದೆ ಅಮ್ಮಾ. ನಮ್ಮಲ್ಲಿ ಯಾರೂ ಹಾಕೋ ಧೈರ್ಯ ಮಾಡಿಲ್ಲ. ಇದಕ್ಕಿಂತ ಘೋರ.”

“ಉದ್ದ ಇದೆಯಾ?”

“ಮುಗಿಯೋದೇ ಇಲ್ಲ.”

“ಅದನ್ನೂ ತಂದ್ಬಿಡಪ್ಪ” ಎಂದಳು ಎತೆಲ್ಕಾ, ಬಟ್ಟಲಿಗೆ ಸೌಟು ಬಗ್ಗಿಸುತ್ತ. “ಭಾನುವಾರದ ಊಟಕ್ಕಿರಲಿ. ಸೂಪು, ಮಾಂಸ, ಕೇಕು ಮೂರೂ ಇಳೀಬೇಕಲ್ಲ.”