ಪಂಕ್ತಿಯ ಶಿಸ್ತು

ತೂಕ ಇಳಿಸಲು ಜಠರ ಕಿರಿದಾಗಿಸುವ ಆಪರೇಷನ್ ಆಗಿದ್ದ ಅವಳು, ಗೃಹಪ್ರವೇಶದ ಪಂಕ್ತಿಯಲ್ಲಿ ಕೂತು ಬೇಯಿಸಿ ರುಬ್ಬಿದ ಬೇಳೆಯ ಡಬ್ಬಿ ತೆರೆದಳು. ಎದುರು ಸಾಲಿನಲ್ಲಿ ಗಂಡನ ಅಣ್ಣ ಹೋಳಿಗೆ ಮುರಿಯುತ್ತ ಗಟ್ಟಿಯಾಗಿ ಅಂದ:

“ಬಾಯಿ ಕಟ್ಟೋಕಾಗ್ದೆ ಹೊಟ್ಟೆ ಕುಯ್ಸ್ಕೊಂಡ್ಳು ನೋಡಿ! ಈಗ ಹಸುಗೂಸಿನ ಥರ ನೆಕ್ಕಬೇಕು.”

ಪಂಕ್ತಿಯೆಲ್ಲ ನಕ್ಕಿತು. ಅವಳು ಚಮಚದ ತುದಿಯಷ್ಟು ಬಾಯಿಗಿಟ್ಟಳು.

ಉಂಡು ಮುಗಿಸಿದ ಒಬ್ಬರು ಎದ್ದರು.

“ಕೂತ್ಕೊಳ್ರೀ! ಕೊನೆಯವರದ್ದು ಮುಗಿಯೋವರೆಗೂ ಯಾರೂ ಏಳಬಾರದು. ಅಷ್ಟೂ ಸಂಸ್ಕಾರ ಇಲ್ವಾ?” ಎಂದು ಗದರಿದ ಗಂಡನ ಅಣ್ಣ ಲೋಟದ ಮೇಲೆ ಲೋಟ ಮಜ್ಜಿಗೆ ಇಳಿಸಿದ.

ಅವಳ ಡಬ್ಬಿಯೊಂದು ಬಿಟ್ಟು ಎಲ್ಲರ ಎಲೆಯೂ ಬರಿದಾಯಿತು. ಅವನು ಕಾಲು ಅದುರಿಸುತ್ತ ಬಚ್ಚಲಿನ ಕಡೆ ನೋಡತೊಡಗಿದ.

“ನಿಂದಿನ್ನೂ ಎಷ್ಟು ಹೊತ್ತಮ್ಮಾ?”

ಅವಳು ಚಮಚ ನೆಕ್ಕಿದಳು.

“ಹಸುಗೂಸು ನಿಧಾನಕ್ಕೇ ಉಣ್ಣೋದು, ಭಾವ. ಇನ್ನೂ ಅರ್ಧ ಗಂಟೆ. ನೀವು ಮಾತ್ರ ಏಳ್ಬೇಡಿ.”