ಉದುರಿದ ಚಕ್ಕೋತ

ಗಾಡಿಯನ್ನು ಬೇಲಿಯ ಹೊರಗೇ ನಿಲ್ಲಿಸಿ, ಹೇಳಬೇಕಾದ ಮಾತನ್ನು ಸನಾವುಲ್ಲಾ ಇನ್ನೊಂದು ಸಲ ಬಾಯಿಪಾಠ ಮಾಡಿಕೊಂಡ. "ಅಮ್ಮಾ, ಯುದ್ಧ ಮುಗೀತು. ಬೆಂಗಳೂರಲ್ಲಿ ನಮ್ಮ ಹಣ್ಣು ಕೊಳ್ತಿದ್ದ ದಂಡಿನ ಸಿಪಾಯಿಗಳು ಗಂಟುಮೂಟೆ ಕಟ್ತಾವ್ರೆ. ಹಣ್ಣಿಗೆ ನಾಲ್ಕಾಣೆ ಅಂದಿದ್ದೆ, ಈಗ ಎರಡಾಣೆ ಮೇಲೆ ಆಗಲ್ಲ." ದೇವನಹಳ್ಳಿಯಿಂದ ಬರುವ ದಾರಿಯುದ್ದಕ್ಕೂ ಎತ್ತುಗಳಿಗೆ ಇದನ್ನೇ ಹೇಳುತ್ತ ಬಂದಿದ್ದ. ಎತ್ತುಗಳೇನೋ ಒಪ್ಪಿದ್ದವು.

ಒಪ್ಪಬೇಕಾದವಳು ಅಮ್ಮಯಮ್ಮ. ಅವಳ ಹಿತ್ತಲಿನ ಎರಡು ಚಕ್ಕೋತದ ಮರಗಳ ಫಸಲನ್ನು ಹನ್ನೆರಡು ವರ್ಷದಿಂದ ಅವನೇ ಕೊಳ್ಳುತ್ತಿದ್ದ. ಶಿವರಾತ್ರಿಯ ಹೊತ್ತಿಗೆ ಮರ ಹೂವಿಗೆ ಬಂದಾಗ ಅವಳ ಕೈಗೆ ಎಲೆ ಅಡಿಕೆ ಕೊಟ್ಟು ಬಾಯಲ್ಲಿ ಬೆಲೆ ಹೇಳಿದರೆ ಮುಗಿಯಿತು, ಆಮೇಲೆ ಆ ಮರ ಬಿಟ್ಟದ್ದೆಲ್ಲ ಅವನದು. ದುಡ್ಡು ಮಾತ್ರ ಹಣ್ಣು ಮಾರಿ ಬಂದ ಮೇಲೆ. ಕಾಗದವಿಲ್ಲ, ಸಾಕ್ಷಿಯಿಲ್ಲ. ಎಲೆ ಕೊಟ್ಟ ಮೇಲೆ ಬೆಲೆ ಇಳಿಸಿದ ವ್ಯಾಪಾರಿಗೆ ಆ ಸುತ್ತಿನಲ್ಲಿ ಮತ್ತೆ ಯಾರೂ ಮರ ತೋರಿಸುತ್ತಿರಲಿಲ್ಲ. ಅದು ಗೊತ್ತಿದ್ದೇ ಬಂದಿದ್ದ. ಹೇಳಿದ ಬೆಲೆ ಕೊಟ್ಟರೆ ಈ ವರ್ಷ ಅವನ ದುಡಿಮೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

"ಬಂದ್ಯಾ? ಒಳ್ಳೇದಾಯ್ತು," ಎಂದಳು ಅಮ್ಮಯಮ್ಮ. "ಮೊದ್ಲು ನಿನ್ನ ಹಣ್ಣು ತಗೊಂಡೋಗು. ಸೊಸೆ ದಿನಾ ಬೈತಾವ್ಳೆ."

"ಇನ್ನೂ ಕಿತ್ತೇ ಇಲ್ವಲ್ಲಮ್ಮ."

"ಮರದ್ದಲ್ಲ ಕಣಪ್ಪ. ಬಿದ್ದಿರೋವು."

ಅವನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದಳು. ಮೂಲೆಯಲ್ಲಿ ಹುಲ್ಲು ಹಾಸಿ ಚಕ್ಕೋತಗಳನ್ನು ಸಾಲಾಗಿ ಜೋಡಿಸಿದ್ದಳು. ಆಷಾಢದ ಗಾಳಿಗೆ ಉದುರಿದ ಕಾಯಿಗಳು ಒಣಗಿ ಕಲ್ಲಾಗಿದ್ದವು. ಆಮೇಲೆ ಬಿದ್ದವು ಕೊಳೆತು ಹುಲ್ಲಿಗೆ ಅಂಟಿಕೊಂಡಿದ್ದವು. ನಿನ್ನೆ ಮೊನ್ನೆ ಬಿದ್ದ ನಾಲ್ಕು ಮಾತ್ರ ಹಳದಿಯಾಗಿ ಗುಂಡಗಿದ್ದವು. ಸನಾವುಲ್ಲಾ ಹೆಗಲಿನ ವಸ್ತ್ರವನ್ನು ಮೂಗಿಗೆ ಹಿಡಿದ.

"ಹತ್ತೊಂಬತ್ತು ಅವೆ. ಎಣಿಸ್ಕೊ."

"ಉದುರಿದ್ದನ್ನ ಯಾರಾದ್ರೂ ಹಿಂಗೆ ಇಡ್ತಾರಾ? ಎಲ್ಲಾ ಊರಲ್ಲೂ ತಿನ್ಕೊತಾರೆ. ನಾನು ಯಾವತ್ತಾದ್ರೂ ಕೇಳಿದೀನಾ?"

"ನೀನು ಕೇಳಲ್ಲ, ಸರಿ. ಎಲೆ ಕೊಟ್ಟೋನು ನೀನು, ಹಣ್ಣು ನಿಂದು. ನಾನು ಹೆಂಗ್ ತಿನ್ಲಿ?"

ಸೊಸೆ ಪಾಪಕ್ಕ ಒರಳಿನ ಮುಂದೆ ಕೂತಲ್ಲಿಂದಲೇ ದೂರು ಹೇಳಿದಳು. "ವರ್ಷಾ ವರ್ಷಾ ಅತ್ತೆ ತಿಪ್ಪೆಗಾದ್ರೂ ಹಾಕ್ತಿದ್ರು ಸಾಬ್ರೇ. ಈ ಸಲ ಬೆಲೆ ಜಾಸ್ತಿ, ತೋರಿಸ್ಬೇಕು ಅಂತ ಇಟ್ಕೊಂಡವ್ರೆ. ಮೊನ್ನೆ ನಮ್ಮಣ್ಣ ಬಂದಿದ್ದ. ಒಂದು ಹಣ್ಣು ಬಿಡಿಸಿ ಕೊಡೋಣ ಅಂದ್ರೆ, ಬೇಡ ಅಂತ ಪಕ್ಕದ ಮನೇಲಿ ಬೆಲ್ಲ ಇಸ್ಕೊಂಡು ಬಂದು ಪಾನಕ ಮಾಡಿದ್ರು."

ಸನಾವುಲ್ಲಾನಿಗೆ ನಾಚಿಕೆಯಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಊರೆಲ್ಲ ಹೇಳುತ್ತದೆ. ಕೊಳೆತ ಹಣ್ಣಿಗೂ ಆ ಮಾತು ಸೇರುತ್ತದೆ ಎಂದುಕೊಂಡವಳನ್ನು ಅವನು ಇವತ್ತೇ ನೋಡಿದ್ದು. ಎತ್ತುಗಳು ಒಪ್ಪಿದ್ದ ಮಾತು ನಾಲಗೆಯ ಮೇಲೆ ಬರಲೇ ಇಲ್ಲ.

"ಅಮ್ಮಾ, ನಾಲ್ಕಾಣೆ ಅಂದಿದ್ದೆ, ನಾಲ್ಕಾಣೇನೇ ಕೊಡ್ತೀನಿ," ಎಂದ. "ಆದ್ರೆ ದಂಡು ಖಾಲಿ ಆಯ್ತಾ ಅದೆ, ಬೆಲೆ ಬಿದ್ದೋಗದೆ. ಅರ್ಧ ದೀಪಾವಳಿಗೆ ತರ್ತೀನಿ. ಇನ್ನರ್ಧಕ್ಕೆ ಮುಂದಿನ ಫಸಲಿನವರೆಗೂ ತಡೀಬೇಕು."

ಅಮ್ಮಯಮ್ಮ ತಲೆಯೆತ್ತಿ ಕೊಟ್ಟಿಗೆಯ ಹುಲ್ಲಿನ ಸೂರನ್ನು ನೋಡಿದಳು. ಈ ದುಡ್ಡಿನಲ್ಲಿ ಅದಕ್ಕೆ ಹೆಂಚು ಹೊದಿಸಬೇಕೆಂದು ವರ್ಷದಿಂದ ಕಾದಿದ್ದಳು. "ಇನ್ನೊಂದು ಮಳೆಗಾಲ ತಡೀತದೆ ಬುಡು," ಎಂದಳು. "ಈ ಹತ್ತೊಂಬತ್ತಕ್ಕೆ ದುಡ್ಡು ಬೇಡ. ಗಾಳಿ ಮಾಡಿದ್ದಕ್ಕೆ ನೀನ್ಯಾಕೆ ಕೊಡ್ತೀಯ?"

ಸನಾವುಲ್ಲಾ ಕೊಕ್ಕೆಕೋಲು ಹಿಡಿದು ಹಣ್ಣು ಇಳಿಸಿ, ಗಾಡಿಗೆ ತುಂಬಿ, ಬಾವಿಯ ಹತ್ತಿರ ಕೈಕಾಲು ತೊಳೆದುಕೊಳ್ಳುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ನಷ್ಟ ಇದ್ದಷ್ಟೇ ಇತ್ತು. ಆದರೂ ಜಗಲಿಯ ಮೇಲೆ ಕೂತಾಗ ಅವನ ಮನಸ್ಸು ಹಗುರಾಗಿತ್ತು, ಸುಮ್ಮನೆ ನಗು ಬರುತ್ತಿತ್ತು.

ಒಳಗೆ ಪಾತ್ರೆಗಳ ಸದ್ದಾಯಿತು. ಅಮ್ಮಯಮ್ಮ ಬರಿಗೈಯಲ್ಲಿ ಹೊರಗೆ ಬಂದಳು.

"ಮಜ್ಜಿಗೆ ಕೊಡೋಣ ಅಂದ್ರೆ ಹಸು ಬತ್ತೋಗದೆ. ಇಸ್ಕೊಂಡಿದ್ದ ಬೆಲ್ಲಾನೂ ಮೊನ್ನೇನೇ ಮುಗೀತು."

"ನೀರು ಸಾಕಮ್ಮ."

"ಬಂದೋರಿಗೆ ಬರೀ ನೀರು ಕೊಟ್ಟು ಕಳಿಸಿ ನನಗೆ ಅಭ್ಯಾಸ ಇಲ್ಲ." ಅವಳು ತುಂಬಿದ ಗಾಡಿಯ ಕಡೆ ನೋಡಿ ಸ್ವಲ್ಪ ಹಿಂಜರಿದಳು. "ಸನಾವುಲ್ಲಾ, ಒಂದು ಚಕ್ಕೋತ ಸಾಲ ಕೊಡ್ತೀಯಾ? ಮುಂದಿನ ಸಲ ಮರ ಬಿಟ್ಟಾಗ ತೀರಿಸ್ತೀನಿ."

ಅವನು ನಗಲಿಲ್ಲ. ಎದ್ದು ಹೋಗಿ, ಗಾಡಿಯಲ್ಲಿದ್ದುದರಲ್ಲಿ ದೊಡ್ಡದನ್ನು ಆರಿಸಿ ತಂದು ಎರಡೂ ಕೈಯಲ್ಲಿ ಕೊಟ್ಟ. ಅವಳು ಅಲ್ಲೇ ಕೂತು ಸಿಪ್ಪೆ ಸುಲಿದು, ಕೆಂಪು ತೊಳೆಗಳನ್ನು ಮುತ್ತುಗದ ಎಲೆಯ ಮೇಲಿಟ್ಟು ಅವನ ಮುಂದೆ ಸರಿಸಿದಳು.

ಸನಾವುಲ್ಲಾ ಮೊದಲ ತೊಳೆಯನ್ನು ಬಾಯಿಗೆ ಹಾಕಿಕೊಳ್ಳುವ ಮೊದಲೇ ಅಮ್ಮಯಮ್ಮ ಸೊಸೆಯನ್ನು ಕೂಗಿದಳು.

"ಪಾಪಕ್ಕಾ, ನೆನಪಿಟ್ಕೋ. ನಾನು ಇದ್ರೂ ಇಲ್ದಿದ್ರೂ, ನಮ್ಮ ಮನೆಯಿಂದ ಸಾಬ್ರಿಗೆ ಒಂದು ಹಣ್ಣು ಬಾಕಿ."