ಗಿಡ್ಡ ಬಾಗಿಲು

“ಬಾಗಿಲು ಗಿಡ್ಡ ಅಂತ ಯಾರಾದ್ರೂ ವಿಮೆ ಬೇಡ ಅಂತಾರೇನಮ್ಮ?” ಎಂದು ವಿಮಾ ಶಾಖೆಯ ಮುಖ್ಯಸ್ಥ, ಎಲ್ಲರೂ ‘ಪಾಕ್’ ಅಂದರೆ ಸಾಹೇಬರು ಎಂದು ಕರೆಯುವ ಗುನಾರ್ತೊ, ಲಸ್ತ್ರಿಯ ವರದಿಯನ್ನು ಮೇಜಿನ ಮೇಲೆ ಎಸೆದ.

ಇಂಡೋನೇಷ್ಯಾದ ಸೆಮಾರಾಂಗ್ ಬಂದರಿನ ಪಕ್ಕದಲ್ಲಿದ್ದ, ವ್ಯಾಪಾರಿ ಕೋ ಹಾನ್‌ನ ಸಕ್ಕರೆ ಗೋದಾಮಿನ ಮಾತು ಅದು. ಆ ಒಂದು ಪಾಲಿಸಿ ಬಂದರೆ ಶಾಖೆಯ ವರ್ಷದ ಗುರಿ ಮುಟ್ಟಿದಂತೆ. ಆದರೆ ಅಪಾಯ ಅಳೆಯುವ ಅಧಿಕಾರಿ ಲಸ್ತ್ರಿಯ ಸಹಿಯಿಲ್ಲದೆ ಸಾಮಾನ್ಯವಾಗಿ ಪಾಲಿಸಿ ಹೊರಡುವ ಹಾಗಿಲ್ಲ. ಅವಳು ಸುತರಾಂ ಒಪ್ಪಿರಲಿಲ್ಲ. ಒಪ್ಪದಿದ್ದರೆ ದೇಶದ ಆ ತುದಿಯ ಪಾಪುವಾಕ್ಕೆ ಎತ್ತಂಗಡಿ ಎಂದು ಗುನಾರ್ತೊ ಎಲ್ಲರೆದುರೇ ಹೇಳಿಯಾಗಿತ್ತು. ಅವಳಿಗೆ ಹೆದರಿಕೆ ಇರಲಿಲ್ಲವೆಂದರೆ ಸುಳ್ಳಾದೀತು.

“ನನ್ನ ಸಹಿ ಇಲ್ದೆ ಆಗ್ಬೇಕು ಅಂದ್ರೆ ನೀವೇ ಜಾಗ ನೋಡಿ ಸಹಿ ಹಾಕ್ಬೇಕು ಪಾಕ್. ಕಂಪನಿ ನಿಯಮ.”

“ನಡಿ, ಈಗ್ಲೇ ನೋಡೋಣ.”

ದಾರಿಯುದ್ದಕ್ಕೂ ಗುನಾರ್ತೊನ ಬಾಯಲ್ಲಿ, ಗುರಿ ಮುಟ್ಟಿದ ಶಾಖೆಗೆ ಜಕಾರ್ತದ ಮುಖ್ಯ ಕಚೇರಿಯವರು ಕೊಡುವ ಬಹುಮಾನದ ಕಪ್ಪಿನದೇ ಮಾತು. ಕೋ ಹಾನ್ ಮಲ್ಲಿಗೆ ಚಹಾ ಕೊಟ್ಟು, ತನ್ನ ಗೋದಾಮಿನ ನೆಲಕ್ಕೆ ಸಮುದ್ರದ ನೀರು ತಾಕಿಯೇ ಇಲ್ಲವೆಂದು ತಾತನ ಮೇಲೆ ಆಣೆಯಿಟ್ಟ. ಗುನಾರ್ತೊ ಲಸ್ತ್ರಿಯತ್ತ ಒಂದು ನೋಟ ಎಸೆದು, ಪೆನ್ನು ತೆಗೆದು, ಎದೆಯುಬ್ಬಿಸಿ ಗೋದಾಮಿನೊಳಗೆ ನುಗ್ಗಿದ.

ಧಡ್ಡೆಂದಿತು. ಆರಡಿ ಆಳು ಹಣೆ ಹಿಡಿದುಕೊಂಡು ಹೊಸ್ತಿಲಲ್ಲೇ ಕುಸಿದ. ಕೋ ಹಾನ್ ಮಂಜುಗಡ್ಡೆ ತರಲು ಓಡಿದ.

ಕಣ್ಣು ಬಿಟ್ಟಾಗ ಗುನಾರ್ತೊಗೆ ಎದುರಿಗೆ ಕಂಡದ್ದು ಕಿಟಕಿ. ಅದು ಮೊಣಕಾಲಿನ ಮಟ್ಟದಲ್ಲಿತ್ತು. “ಕೋ, ಈ ಬಾಗಿಲು ಮೊದಲಿಂದ್ಲೂ ಹೀಗೇನಾ?” ಎಂದು ಮಂಜುಗಡ್ಡೆ ತಂದ ಕೋ ಹಾನ್‌ನನ್ನು ಕೇಳಿದ.

“ಎಲ್ಲಿ ಪಾಕ್! ಆಗ ಮೂಟೆ ಹೊತ್ತೋರೂ ನೆಟ್ಟಗೆ ಬರೋರು. ಸಮುದ್ರ ಬಂದಾಗೆಲ್ಲ ನೆಲ ಏರಿಸ್ತಾ ಬಂದ್ವಿ. ಈಗಿರೋ ನೆಲಕ್ಕೆ ಮಾತ್ರ ನೀರು ತಾಕಿಲ್ಲ, ಆಣೆಗೂ. ಬೀದೀಲಿ ಎಲ್ಲರೂ ಏರಿಸ್ತಾರೆ, ಅದನ್ನೇನು ಹೇಳೋದು ಅಂತ...”

ಸಕ್ಕರೆ ಮೂಟೆಗಳು ಬರಿ ನೆಲದ ಮೇಲೆ ಗೋಡೆಯುದ್ದಕ್ಕೂ ಕೂತಿದ್ದವು. ಗುನಾರ್ತೊ ಅವನ್ನೇ ನೋಡುತ್ತ ಪೆನ್ನನ್ನು ಜೇಬಿಗೆ ಸೇರಿಸಿದ.

“ಜಕಾರ್ತಕ್ಕೆ ನಾನೇ ಬರೀತೀನಿ, ಬು ಲಸ್ತ್ರಿ. ನಿಮ್ಮ ವರದಿನೇ ಸರಿ ಅಂತ.”

ಅಷ್ಟು ದಿನ ‘ನೀನು’ ಆಗಿದ್ದವಳು ಈಗ ‘ಬು’, ಅಂದರೆ ಮೇಡಂ, ‘ನೀವು’ ಆಗಿದ್ದಳು. ಲಸ್ತ್ರಿಗೆ ಅಲ್ಲೇ ಕುಣಿಯಬೇಕೆನಿಸಿತು.

ಹೊರಡುವಾಗ ಗುನಾರ್ತೊ ಬಾಗಿಲ ಬಳಿ ಒಂದು ಕ್ಷಣ ನಿಂತ. ಆಮೇಲೆ ಹಣೆಗೆ ಮಂಜುಗಡ್ಡೆ ಒತ್ತಿಕೊಂಡು, ಸೊಂಟ ಬಗ್ಗಿಸಿ ಹೊರಗೆ ಹೋದ. ಅವನ ಹಿಂದೆಯೇ ಕುಳ್ಳಿ ಲಸ್ತ್ರಿ ತಲೆಯೆತ್ತಿಕೊಂಡು ದಾಟಿದಳು.